ನೆಲ ಮುಟ್ಟದ ಸಗಣಿ

ಇದೊಂದನ್ನು ಪೂರ್ತಿ ಕೇಳಿ, ಅರ್ಧಕ್ಕೇ ನಗಬೇಡಿ — ಮೈಕು ಕುಂಯ್ ಎನ್ನುತ್ತಿದೆ, ಯಾರೋ ಅದರ ತಲೆಗೆ ತಟ್ಟುತ್ತಿದ್ದಾರೆ, ಮಿರಜಿನ ಈ ಸಭಾಗೃಹದಲ್ಲಿ ಮುಂದಿನ ಹೆಸರು ಪ್ರಾಜಕ್ತಾಳದು, ಅಂಗೈ ಬೆವರಿಲ್ಲ, ಯಾಕೆ ಬೆವರಬೇಕು, ಪರದೆಯ ಮೇಲೆ ಎರಡು ಕಂಬ ಎದ್ದು ನಿಂತಿವೆ, ಬಾಟ್ಲಿಯದು ಐವತ್ತೈದು, ಆಕಳದು ಅರವತ್ತು, ಆಕಳದ್ದೇ ಎತ್ತರ, ಅವಳದೇ ಗೆಲುವು. ನೂರು ಪಾಲು ಕಬ್ಬಿನ ಸೋಗೆ ತಿಂದರೆ ಎಷ್ಟು ಪಾಲು ಕರಗಿ ಮೈಗೆ ಹತ್ತುತ್ತದೆ — ಇಷ್ಟೇ ಪ್ರಶ್ನೆ, ಇಷ್ಟಕ್ಕೇ ಎರಡು ವರ್ಷ. ಅವಳ ಗೈಡು ರಾವಸಾಬ ಸರ್ ಬಾಟ್ಲಿಯ ಮನುಷ್ಯ, ಸೋಗೆಯ ಪುಡಿಗೆ ಆಕಳ ಹೊಟ್ಟೆಯಿಂದ ನಳಿಕೆಯಲ್ಲಿ ತೆಗೆದ ರಸ ಹಾಕು, ಬೆಚ್ಚನೆಯ ನೀರಿನಲ್ಲಿಡು, ಕರಗದೆ ಉಳಿದದ್ದನ್ನು ತೂಗು, ಮುಗಿಯಿತು — ಪ್ರಾಜಕ್ತಾ, ಬಾಟ್ಲಿ ಒದ್ಯೂದಿಲ್ಲ, ಹಾಯೂದಿಲ್ಲ, ಬಾಲದ್ಲೇ ಕಪಾಳಕ್ಕ ಹೊಡ್ಯೂದಿಲ್ಲ, ನಿನಗ್ಯಾಕವಾ ಈ ಸಗಣಿ ಸೇವಾ? ಬಾಟ್ಲಿ ಮೆಲಕ ಹಾಕೂದಿಲ್ರೀ ಸರ್, ಅಂದಿದ್ದಳು ಅವಳು, ಇಡೀ ಲ್ಯಾಬು ನಕ್ಕಿತ್ತು, ಸರ್ ಕೂಡ, ಆತು, ಆಕಳನ್ನs ಕೇಳ್ಕೊಂಡು ಬಾ.

ಕೇಳಿಕೊಂಡೇ ಬಂದಳು. ಸಲಗರೆ ಊರಿನ ಮನೆಯ ಹಿತ್ತಲಿನ ಗೋಠಾ, ದನದ ಕೊಟ್ಟಿಗೆ, ನಾಲ್ಕು ಆಕಳು, ಹಾಕಿದ್ದನ್ನು ತೂಗು, ಬಿಟ್ಟದ್ದನ್ನು ತೂಗು, ಹಿಂದೆ ಬಿದ್ದದ್ದನ್ನೆಲ್ಲ ಬುಟ್ಟಿಗೆ ಬಳಿದು ಒಣಗಿಸಿ ತೂಗು, ಹಗಲೂ ರಾತ್ರಿ, ಹೊರಸು ಅಲ್ಲೇ, ಊಟ ಅಲ್ಲೇ, ಗೆಳತಿಯರು ಫೋನಿನಲ್ಲಿ ಶೇಣವಾಲೀ ಎಂದು ಮರಾಠಿಯಲ್ಲಿ ಕೂಗಿ ನಗುವರು, ನಗಲಿ, ಸಗಣಿಯವಳೇ ನಾನು, ಅವರ ಬಾಟ್ಲಿಗೆ ಏನು ಗೊತ್ತು, ಆಕಳು ಅಗಿಯುತ್ತದೆ, ನುರಿಸುತ್ತದೆ, ಮತ್ತೆ ಬಾಯಿಗೆ ತಂದು ಅಗಿಯುತ್ತದೆ, ಅದಕ್ಕೇ ಅರವತ್ತು! ಬೆಳಗಿನ ಜಳಕಕ್ಕಷ್ಟೇ ಅವಳು ಗೋಠಾ ಬಿಟ್ಟದ್ದು, ಆಗ ಕಾವಲಿಗೆ ಅಜ್ಜಿ, ನೀಲಾಬಾಯಿ — ಅಜ್ಜಿ, ಕೆಳಗ ಬಿದ್ದದ್ದು ಒಂದು ಚೂರೂ ಬಿಡಬ್ಯಾಡ್ರಿ, ಎಲ್ಲಾ ಬುಟ್ಟಿಗೇ. ಹೋಗ ನೀ, ನನಗs ಸಗಣಿ ಬಳ್ಯೂದು ಕಲಸ್ತೀಯೇನ?

ಆ ಅಜ್ಜಿ ಈಗ ಮುಂದಿನ ಸಾಲಿನಲ್ಲಿ, ಇಳಕಲ್ ಸೀರೆ, ಪಕ್ಕದಲ್ಲಿ ನೆರೆಮನೆಯ ಪದ್ಮವ್ವ. ಮೈಕು ಸರಿಯಾಗುವಷ್ಟರಲ್ಲಿ ಸೊಂಟದ ಸಂಚಿಯಿಂದ ಕಾಗದದ ಪೊಟ್ಟಣ ತೆಗೆದಳು, ಬಾ ಇಲ್ಲಿ, ತಲಿ ಬಗ್ಗಸು, ಮೂರು ಬೆರಳಿನಿಂದ ಹಣೆಗೆ ವಿಭೂತಿ ತಣ್ಣಗೆ ಎಳೆದಳು, ಹೊಸಾ ಇಬತ್ತಿ, ನಾನs ಸುಟ್ಟು ಸೋಸಿದ್ದು, ನಿನ್ನ ಆಕಳದ್ದs ಸಗಣಿ. ಯಾವ ಆಕಳ ಅಜ್ಜಿ? ನಾಕೂ ಆಕಳದ್ದು, ನೀ ಜಳಕಕ್ಕ ಹೋದಾಗ ಕೈಯೊಡ್ಡಿ ಹಿಡೀತಿದ್ದೆ, ಇಬತ್ತಿ ಸಗಣಿ ನೆಲಾ ಮುಟ್ಟಬಾರದು ನೋಡು. ನಾ ತೂಕಾ ಮಾಡೂ ದಿನಗೋಳದಾಗs? ದಿನಾ! ಬಿದ್ದದ್ದು ಒಂದು ಚೂರೂ ಮುಟ್ಟಿಲ್ಲವಾ ನಾ, ನೀ ಹೇಳಿದಂಗs ಎಲ್ಲಾ ಬುಟ್ಟಿಗೆ ಹಾಕೇನಿ. ಏನು ಹೆಮ್ಮೆ ಆ ಮುಖದಲ್ಲಿ! ಮುಂಜಾವಿನ ಚಳಿ, ಎತ್ತಿದ ಬಾಲ, ಅದರ ಕೆಳಗೆ ಜೋಡಿಸಿ ಒಡ್ಡಿದ ಎರಡು ಅಂಗೈ, ಹಬೆಯಾಡುವ ಮುದ್ದೆ.

ಲೆಕ್ಕ ತಾನಾಗಿಯೇ ಓಡುತ್ತದೆ, ಬೇಡವೆಂದರೂ, ತೂಗಿದ ಸಗಣಿ ನೂರಕ್ಕೆ ನಲವತ್ತು ಪಾಲು, ನಾಲ್ಕು ಆಕಳ ಬೆಳಗಿನ ಮುದ್ದೆ ಸೇರಿಸಿದರೆ ನಲವತ್ತೈದಕ್ಕೆ ಹತ್ತಿರ, ಅಂದರೆ ಅರವತ್ತು ಅರವತ್ತಲ್ಲ, ಐವತ್ತೈದರ ಆಸುಪಾಸು, ಅಂದರೆ ಬಾಟ್ಲಿ ಹೇಳಿದ್ದೇ. ಆಕಳು ಸುಳ್ಳು ಹೇಳಿಲ್ಲ, ಬಾಟ್ಲಿಯೂ ಹೇಳಿಲ್ಲ. ಸುಮ್ಮನಿದ್ದರೆ? ಯಾರಿಗೆ ಗೊತ್ತು? ಹಿಂದಿನ ಸಾಲಿನಲ್ಲಿ ಹಾಲಿನ ಡೇರಿಯ ಶಿದ್ರಾಮ ಕಾಕಾ ಪರದೆ ನೋಡಿ ಆಗಲೇ ಪಕ್ಕದವರಿಗೆ ಹೇಳುತ್ತಿದ್ದಾರೆ, ಸೋಗಿ ಅರವತ್ತು ಹತ್ತತೈತಿ ಅಂದ್ರ ನಾಳಿಂದ ಹಿಂಡಿ ಕಡಿಮಿ ಮಾಡೂದs — ಮಾಡಿಯೇ ಮಾಡುತ್ತಾರೆ, ಅವಳ ಮಾತು ನಂಬಿ, ದನ ಸೊರಗುತ್ತವೆ, ಹಾಲು ಇಳಿಯುತ್ತದೆ. ಹೇಳಿದರೆ? ಪದ್ಮವ್ವನ ಎದುರಿಗೇ ಅಜ್ಜಿ ತಲೆ ತಗ್ಗಿಸಬೇಕಾಗುತ್ತದೆ — ನನ್ನ ಮೊಮ್ಮಗಳು, ಆಕಳಂದ್ರ ಅಕೀನ ಮಾತs ಮಾತು ಎಂದು ಈಗಲೂ ಅನ್ನುತ್ತಿರುವ ಅಜ್ಜಿ.

ಹೆಸರು ಕರೆದರು. ಎದ್ದಳು, ಮೈಕು ತಣ್ಣಗಿದೆ, ಪರದೇ ಮ್ಯಾಲಿನ ಅರವತ್ತು ತಪ್ಪೈತ್ರಿ, ಯಾರೂ ಹಿಂಡಿ ಕಡಿಮಿ ಮಾಡಬ್ಯಾಡ್ರಿ, ಒಂದಿಷ್ಟು ಸಗಣಿ ನನ್ನ ತೂಕಕ್ಕ ಬಂದಿಲ್ಲ, ಅದನ್ನ ಕೂಡಿಸಿದ್ರ ಆಕಳಾ, ಬಾಟ್ಲಿ ಎರಡೂ ಒಂದs ಹೇಳ್ತಾವು ಅನಸ್ತೈತಿ, ನಾ ಮತ್ತ ಮೊದಲಿಂದ ತೂಗ್ತೇನಿ. ರಾವಸಾಬ ಸರ್ ಕನ್ನಡಕ ತೆಗೆದರು, ಅಷ್ಟು ಸಗಣಿ ಎಲ್ಲಿ ಹೋತವಾ? ಒಡ್ಡಿದ ಎರಡು ಅಂಗೈ. ನನ್ನ ಹಣೀ ಮ್ಯಾಲೈತ್ರಿ, ಸರ್. ಸಭೆಗೆ ಸಭೆಯೇ ಬಿದ್ದು ಬಿದ್ದು ನಗುತ್ತಿದೆ, ಸರ್ ಕರವಸ್ತ್ರ ಚಾಚುತ್ತಿದ್ದಾರೆ, ವರಸ್ಕೋ, ಫೋಟೋ ತಗೀತಾರ, ಮುಂದಿನ ಸಾಲಿನಲ್ಲಿ ಅಜ್ಜಿ ಏನೂ ತಿಳಿಯದೆ, ಎಲ್ಲರೂ ತನ್ನ ಇಬತ್ತಿಯನ್ನೇ ನೋಡುತ್ತಿದ್ದಾರೆಂದು ಕತ್ತು ನೆಟ್ಟಗೆ ಮಾಡಿ ಕುಳಿತಿದ್ದಾಳೆ, ಮಡಿಲಿನಲ್ಲಿ ಆ ಎರಡು ಅಂಗೈ, ಮೇಲ್ಮುಖವಾಗಿ, ಎರಡು ಅಂಗೈ — ನೀವಾಗಿದ್ದರೆ ಒರೆಸಿಕೊಳ್ಳುತ್ತಿದ್ದಿರಾ?