ನನ್ನನ್ನು ಸಸ್ಯಾಹಾರಿ ಮಾಡಿದವರು

ನಾನು ಬಿಯರ್ಡೆಡ್ ಡ್ರ್ಯಾಗನ್ ಎಂಬ ಜಾತಿಯ ಪ್ರಾಣಿ. ನಿಮ್ಮ ಬೇಲಿಯ ಮೇಲಿನ ಓತಿಕ್ಯಾತನಿಗೆ ದೂರದ ನೆಂಟ. ಸಿಟ್ಟು ಬಂದರೆ ನನ್ನ ಗಂಟಲು ಗಡ್ಡದ ಹಾಗೆ ಉಬ್ಬಿ ಕಪ್ಪಾಗುತ್ತದೆ. ಸಿಟ್ಟಿಗೆ ಕಾರಣಗಳೇನೂ ಕಡಿಮೆಯಾಗಲಿಲ್ಲ.

ಪ್ರಾಣಿ ಸಾಕುವವರೊಬ್ಬರ ಮನೆಯ ಬೆಚ್ಚನೆಯ ಡಬ್ಬಿಯಲ್ಲಿ ಮೊಟ್ಟೆಯೊಡೆದು ಬಂದೆ. ಅಲ್ಲಿ ಎಳೆ ಮಿಡತೆಗಳ ಹಿಂದೆ ಓಡಿ ಹಿಡಿದು ತಿನ್ನುತ್ತಿದ್ದೆ. ಹುಬ್ಬಳ್ಳಿಯ ಸೋಫಾ ಅಂಗಡಿಯ ಮುರಿಗೆಪ್ಪ ನನ್ನನ್ನು ಕೊಂಡೊಯ್ದ ದಿನ ಆ ಸುಖ ಮುಗಿಯಿತು.

ಅವರು ನನ್ನನ್ನು ಟಿವಿ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ತಿರುಗಿದರೆ ಬಾಲ ಗಾಜಿಗೆ ಬಡಿಯುತ್ತಿತ್ತು. ಬಟ್ಟಲಲ್ಲಿ ದಿನವೂ ಸೌತೆಕಾಯಿ ಹೋಳು, ಗಜ್ಜರಿ ತುರಿ. ಬಂದವರಿಗೆಲ್ಲ, "ನಮ್ಮ ಮನಿಗೆ ಬಂದ ಮ್ಯಾಲೆ ಇದೂ ಸಸ್ಯಾಹಾರಿ ಆಗೇತಿ ನೋಡ್ರಿ" ಎನ್ನುತ್ತಿದ್ದರು. ಬಂದವರು ತಲೆದೂಗುತ್ತಿದ್ದರು. ನಾನೇನು ವ್ರತ ಹಿಡಿದಿದ್ದೆನೇ? ಹಸಿದಿದ್ದೆ.

ಬೆಳೆಯುವ ವಯಸ್ಸಿನಲ್ಲಿ ನನ್ನ ಎಲುಬು ಮೆತ್ತಗಾಯಿತು, ಹಿಂಗಾಲು ನಡುಗತೊಡಗಿತು. ಬಿದ್ದಲ್ಲೇ ಬಿದ್ದಿರುತ್ತಿದ್ದೆ. ಅದನ್ನು ನೋಡಿ ಮುರಿಗೆಪ್ಪ, "ಎಷ್ಟು ಶಾಂತ ಐತಿ" ಎಂದು ಮೆಚ್ಚಿಕೊಂಡರು. ಬಗ್ಗಿ ನೋಡಿದವರು ಅವರ ಹೆಂಡತಿ ನೀಲಾಂಬಿಕಾ ಒಬ್ಬರೇ. ನನ್ನನ್ನು ಟವೆಲಿನಲ್ಲಿ ಸುತ್ತಿ ಪ್ರಾಣಿಗಳ ಡಾಕ್ಟರ ಹತ್ತಿರ ಒಯ್ದರು. ಹುಳ ತಿನ್ನಿಸಿ, ಹುಳಕ್ಕೆ ಕ್ಯಾಲ್ಸಿಯಂ ಪುಡಿ ಸವರಿ, ಬಿಸಿಲಲ್ಲಿ ಓಡಾಡಿಸಿ, ಇಲ್ಲವಾದರೆ ಉಳಿಯುವುದಿಲ್ಲ ಎಂದರು ಡಾಕ್ಟರು.

"ನಮ್ಮ ಮನ್ಯಾಗ ಹುಳ ತರಾಕ ಬಿಡೂದಿಲ್ಲ ನಾ," ಎಂದರು ಮುರಿಗೆಪ್ಪ.

"ಹುಳ ತಿನ್ನೋ ಜೀವಾ ತಂದವ್ರು ಯಾರ್ರೀ? ನಾನೇನು?" ನೀಲಾಂಬಿಕಾ ಕೇಳಿದರು.

"ತರಕಾರಿ ತಿಂತೈತಲ್ಲ."

"ಬ್ಯಾರೆ ಏನೂ ಹಾಕಲಿಲ್ಲಂದ್ರ ಏನ್ ಮಾಡ್ಬೇಕದು?"

ಮರುದಿನವೇ ನೀಲಾಂಬಿಕಾ ನನ್ನನ್ನು ಓಣಿಯ ತುದಿಯ ತಮ್ಮ ಹೊಲಿಗೆ ಕೋಣೆಗೆ ಸಾಗಿಸಿದರು. ಹುಟ್ಟಿದಾಗಿನಿಂದ ಹುಳ ಮುಟ್ಟಿದವರಲ್ಲ. ಮುಖ ಆಚೆ ತಿರುಗಿಸಿಕೊಂಡು ಮೊದಲ ಮಿಡತೆ ಬಿಟ್ಟರು. ನಾನು ನುಗ್ಗಿದೆ, ಮುಗ್ಗರಿಸಿ ಬಿದ್ದೆ. ಮಿಡತೆ ಮಷೀನಿನ ಕೆಳಗೆ ಪಾರಾಯಿತು. ಅವರೇ ನೆಲಕ್ಕೆ ಮೊಣಕಾಲೂರಿ, ಅದನ್ನು ಮುಷ್ಟಿಯಲ್ಲಿ ಹಿಡಿದು ತಂದು ನನ್ನ ಮುಂದೆ ಬಿಟ್ಟರು.

ಬರಬರುತ್ತ ಅವರ ಅಂಜಿಕೆ ಹೋಯಿತು. ನನ್ನ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳ ಕೊಡಬಾರದೆಂದು ಕಲಿತರು. ಬಟ್ಟೆಯ ಪಟ್ಟಿ ಹೊಲಿದು, ನನ್ನ ಎದೆಗೆ ಕಟ್ಟಿ, ಮಾಳಿಗೆಯ ಎಳೆಬಿಸಿಲಲ್ಲಿ ನಡೆಸಿದರು. ನಾನು ಮತ್ತೆ ಓಡಿದೆ. ಎಡಗಾಲು ಮಾತ್ರ ಸೊಟ್ಟಗೆ ಉಳಿಯಿತು.

ವರ್ಷಗಳು ಕಳೆದವು. ನನಗೆ ಮುಪ್ಪು ಬಂದಿದೆ. ಮೊನ್ನೆ ಮುರಿಗೆಪ್ಪ ಹೊಲಿಗೆ ಕೋಣೆಗೆ ಬಂದರು.

"ಹೊಸ ಅಂಗಡಿ ಚಾಲೂ ಮಾಡಾಕತ್ತೇನಿ. ಇದನ್ನ ಬಾಗಿಲದಾಗ ಇಟ್ರ ಮಂದಿ ಕೂಡ್ತಾರ."

"ಆಗೂದಿಲ್ರೀ," ಎಂದರು ನೀಲಾಂಬಿಕಾ. ಮಷೀನು ನಿಲ್ಲಲಿಲ್ಲ.

ಮುರಿಗೆಪ್ಪ ಬಗ್ಗಿ ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ, "ಕಚ್ಚತೈತೇನು?" ಎಂದು ಕೇಳಿದರು. ಇಷ್ಟು ವರ್ಷದಲ್ಲಿ ನನ್ನನ್ನು ಒಮ್ಮೆಯೂ ಮುಟ್ಟಿರದ ಮನುಷ್ಯ!

"ಕೈ ಚಾಚಿ ನೋಡ್ರಿ," ಎಂದರು ನೀಲಾಂಬಿಕಾ.

ಚಾಚಿದರು. ನಾನು ಹತ್ತಿ ಕೂತೆ. ಕ್ಷಮಿಸಿದೆನೆಂದು ಯಾರೂ ತಿಳಿಯಬೇಡಿ. ಮುದಿ ಮೈಗೆ ಚಳಿ ಹೆಚ್ಚು, ಅಂಗೈ ಬೆಚ್ಚಗಿತ್ತು.