ಕುಲುಮೆಯ ಕೆಂಪು ಗೆರೆ

ತಾವರಗೇರಾದ ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ ಬೆಂಕಿಯ ಹೊಟ್ಟೆಯೊಳಗೆ ಹುಡುಗಿಯೊಬ್ಬಳಿದ್ದಳು. ಬೆಂಕಿಗೆ ಏನು ಹಾಕಿದರೂ ಅದಕ್ಕೆ ತಕ್ಕ ಬಣ್ಣದ ಸೀರೆ ಉಟ್ಟು ಹೊರಗೆ ಬರುತ್ತಿದ್ದಳು. ಕೊಪ್ಪಳದ ಆಚೆಯ ಉಕ್ಕಿನ ಕಾರ್ಖಾನೆಯಲ್ಲಿ ಆ ಸೀರೆ ನೋಡುತ್ತ ಕೂರುವುದೇ ನನ್ನ ಕೆಲಸ. ಕುಲುಮೆಯ ಬೆಳಕನ್ನು ಕೂದಲೆಳೆಯಂಥ ಗಾಜಿನ ತಂತಿ ನನ್ನ ಕೋಣೆಗೆ ತರುತ್ತದೆ. ಉಗುರಿನಷ್ಟು ಚಿಕ್ಕ ಚಿಪ್ ಅದನ್ನು ಬಣ್ಣಬಣ್ಣವಾಗಿ ಬಿಡಿಸಿ, ಆ ಕ್ಷಣವೇ ಪರದೆಯ ಮೇಲೆ ಗೆರೆಗಳಾಗಿ ಎಬ್ಬಿಸುತ್ತದೆ. ಕೆಂಪಿನ ಜಾಗದಲ್ಲೊಂದು ಗೆರೆ ಎದ್ದರೆ ಹೈಡ್ರೋಜನ್. ಅಂದರೆ, ಕುಲುಮೆಯನ್ನು ತಂಪಾಗಿಡುವ ನೀರಿನ ಪೈಪು ಒಡೆದು ಕರಗಿದ ಕಬ್ಬಿಣಕ್ಕೆ ನೀರು ಸೇರುತ್ತಿದೆ. ನೀರು ಹೆಚ್ಚಿದರೆ ಕುಲುಮೆ ಸಿಡಿಯುತ್ತದೆ.

ಅಮಾವಾಸ್ಯೆಯ ಮಧ್ಯಾಹ್ನ ಆ ಗೆರೆ ಎದ್ದಿತು. ಸಣ್ಣಗೆ, ಒಮ್ಮೆ. ಬಗ್ಗಿ ನೋಡುವಷ್ಟರಲ್ಲಿ ಹಳದಿ ಉಕ್ಕಿ ಪರದೆಯನ್ನೆಲ್ಲ ನುಂಗಿತು.

ಗಾಜಿನಾಚೆ, ಕುಲುಮೆಯ ಬಾಗಿಲಲ್ಲಿ ಅಪ್ಪ ಹೊಳಿಯಪ್ಪ ನಿಂತಿದ್ದ. ಅವನೂ ಇಲ್ಲೇ ಕೂಲಿ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಹಿಡಿಹಿಡಿಯಾಗಿ ಒಳಗೆಸೆಯುತ್ತಿದ್ದ. ಮಗಳ ಹೊಸ ಮಷೀನಿಗೆ ದೃಷ್ಟಿ ತೆಗೆಯುತ್ತಿದ್ದ. ಉಪ್ಪು ಉರಿದರೆ ಹಳದಿ. ಆ ಹಳದಿಗೆ ನನ್ನ ಮಷೀನು ಕುರುಡು.

"ಅಪ್ಪಾ, ಸಾಕು ಮಾಡು! ಈ ಕಡೆ ಬಾ!" ಮೈಕಿನಲ್ಲಿ ಕೂಗಿದೆ. ಅವನು ತಿರುಗಲಿಲ್ಲ. ದೃಷ್ಟಿ ತೆಗೆಯುವವರು ನಡುವೆ ಮಾತಾಡಬಾರದು.

"ರುದ್ರೇಶ ಸರ್, ಕೆಂಪು ಗೆರಿ ನೋಡೀನ್ರಿ. ಸೈರನ್ ಹೊಡೀತೀನಿ."

ಕೋಣೆಯಲ್ಲೇ ಕೂತಿದ್ದ ಪಾಳಿಯ ಮೇಲ್ವಿಚಾರಕ ರುದ್ರೇಶ ಚಹಾದ ಕಪ್ಪು ಕೆಳಗಿಡಲಿಲ್ಲ. "ಏ ದುರ್ಗಾ, ಹ್ವಾದ ವಾರನೂ ಹಿಂಗ ಅಂದು ಎಲ್ಲಾರನೂ ಓಡಿಸಿದಿ. ಏನ್ ಸಿಕ್ತು? ಇನ್ನೊಮ್ಮೆ ಸುಳ್ಳಾತಂದ್ರ ಮಷೀನೂ ಮನಿಗೆ, ನೀನೂ ಮನಿಗೆ. ಹಳದಿ ಇಳೀಲಿ, ನೋಡೂಣು."

"ಇಳಿಯೋತನಕ ಅಪ್ಪ ಅಲ್ಲೇ ಇರ್ತಾನ್ರೀ!"

"ಅಮಾಸಿ ಪೂಜಿ ಅರ್ಧಕ್ಕ ಬಿಡಿಸಿದ್ರ ಮಂದಿ ನನ್ನ ಹರಕೊಂಡು ತಿಂತಾರ."

ಸೈರನ್ ಒತ್ತಿಯೇಬಿಟ್ಟೆ. ಉಳಿದವರು ಬೈಯುತ್ತ ಹೊರಗೋಡಿದರು. ಅಪ್ಪ ಮಾತ್ರ ಕೈಮುಗಿದು, ಕಣ್ಣು ಮುಚ್ಚಿ ನಿಂತೇ ಇದ್ದ. ಮೆಟ್ಟಿಲಿಳಿದು ಓಡಿದೆ. ಅಂಗಿ ಹಿಡಿದು ಜಗ್ಗಿದೆ. ಸುಮ್ಮನಿರು ಎಂದು ತುಟಿಗೆ ಬೆರಳಿಟ್ಟ.

ಆಗ ಮೈಕಿನಲ್ಲಿ ರುದ್ರೇಶನ ದನಿ ಚೀರಿತು: "ಹಳದಿ ಇಳೀತು! ಕೆಂಪು ಐತಿ, ದಪ್ಪಗೈತಿ! ಓಡ್ರೋ!"

ಓಡಿದೆವು. ಅಪ್ಪನ ಮೊಣಕಾಲು ಓಡುವಂಥದ್ದಲ್ಲ. ಶೆಡ್ಡಿನ ದೊಡ್ಡ ಬಾಗಿಲ ಹತ್ತಿರ ಅವನ ಎರಡೂ ಅಂಗೈ ನನ್ನ ಬೆನ್ನಿಗೆ ಬಿದ್ದು ಹೊರಗೆ ದೂಡಿದವು. ಹಿಂದೆ ಬೆಳಕು ಎದ್ದಿತು. ಅದರ ಬಣ್ಣ ಯಾವುದೆಂದು ನನಗೆ ಹೇಳಲಾಗದು.

ಹೊಗೆಯಿತ್ತು, ತಗಡುಗಳು ಬೀಳುತ್ತಿದ್ದವು. ಕೋಣೆಯಿಂದ ಹೊರಗೋಡಿ ಬಂದ ರುದ್ರೇಶ ನನ್ನ ಎರಡೂ ತೋಳು ಹಿಡಿದಿದ್ದ.

"ಬ್ಯಾಡವ್ವಾ, ಒಳಗ ಏನೂ ಉಳಿದಿಲ್ಲ."

"ಬಿಡ್ರಿ ಸರ್. ಅಪ್ಪ ಒಬ್ಬನೇ ಅದಾನ. ಬಿಡ್ರಿ."