ರೊಟ್ಟಿ ಮುರಿದ ಕೈ

ನನ್ನ ಹೆಂಡತಿ ಹೆಪಪಿಯಳ ತಲೆಯಲ್ಲಿ ಒಂದು ನರೆಗೂದಲೂ ಇಲ್ಲ. ಆದರೂ ನಮ್ಮ ರಾಜಧಾನಿ ಹತ್ತೂಸದಲ್ಲಿ ಎಲ್ಲರೂ ಅವಳನ್ನು ಅಜ್ಜಿ ಎಂದೇ ಕರೆಯುತ್ತಾರೆ. ಮಣ್ಣಿನ ಬಿಲ್ಲೆ ಹಾಕಿ ದೇವರನ್ನು ಪ್ರಶ್ನೆ ಕೇಳುವ ಹೆಂಗಸಿಗೆ ನಮ್ಮಲ್ಲಿ ಇರುವ ಹೆಸರೇ ಅದು. ಹಲ್ಲುದುರಿದ ಮುದುಕರೂ ಬಂದು "ಅಜ್ಜೀ, ಸ್ವಲ್ಪ ನೋಡವ್ವ" ಎನ್ನುವಾಗ ನನಗೆ ನಗು ತಡೆಯುವುದೇ ಕಷ್ಟ. ನಾನು ಹಕ್ಕಿ ಹಾರುವುದನ್ನು ನೋಡಿ ಶಕುನ ಹೇಳುವವನು. ಅವಳ ಬಿಲ್ಲೆ ಹೇಳಿದ್ದನ್ನು ನನ್ನ ಹಕ್ಕಿಗಳೂ ಒಪ್ಪಬೇಕು. ಮನೆಯೊಳಗೆ ನಾವಿಬ್ಬರು ಯಾವುದನ್ನೂ ಒಪ್ಪುವುದಿಲ್ಲ, ಅದು ಬೇರೆ ಮಾತು.

ಆ ವರ್ಷ ಹೂವಿನ ಹಬ್ಬ ಮುಗಿದ ಮೇಲೆ ನಮ್ಮ ಸೂರ್ಯನಿಗೆ ಕಿವಿನೋವು ಹತ್ತಿತು. ದೊರೆಯನ್ನು ನಾವು ಸೂರ್ಯ ಎನ್ನುವುದು. ಎಣ್ಣೆಯಲ್ಲಿ ಅದ್ದಿದ ಉಣ್ಣೆಯನ್ನು ಎರಡೂ ಕಿವಿಗೆ ತುರುಕಿಕೊಂಡು ಎಲ್ಲರ ಮೇಲೂ ರೇಗುತ್ತಿದ್ದ. ಅದೇ ಸಮಯಕ್ಕೆ ಮಳೆದೇವರ ಎಡೆಯ ರೊಟ್ಟಿಯಲ್ಲಿ ಒಂದು ಕೂದಲು ಸಿಕ್ಕಿತು. ಆ ರೊಟ್ಟಿ ಸುಡುವವಳು ನನ್ನ ನಾದಿನಿ ಮುವತ್ತಿ. ಪೂಜಾರಿ ಪಲ್ಲಿಯನಿಗೆ ಅಷ್ಟೇ ಸಾಕಾಯಿತು. ದೇವರು ಮುನಿದದ್ದು ಇವಳ ಕೂದಲಿಗೇ, ದೊರೆಯ ಕಿವಿ ಹಿಡಿದದ್ದು ಆ ಮುನಿಸೇ ಎಂದುಬಿಟ್ಟ. ದೇವರ ಊಟವನ್ನು ಮೈಲಿಗೆ ಮಾಡಿದವಳನ್ನು ಗಂಡ ಮಕ್ಕಳ ಸಮೇತ ಕೊಲ್ಲುವುದು ನಮ್ಮ ಕಟ್ಟಳೆ. ದೇವರು ಹೌದು ಎನ್ನುವುದೊಂದೇ ಬಾಕಿ.

ಗುಡಿಯ ಅಂಗಳದಲ್ಲಿ ದೊರೆಯ ಎದುರೇ ಪ್ರಶ್ನೆಗೆ ಕೂತೆವು. ಗೋಡೆಯ ಬುಡದಲ್ಲಿ ಮುವತ್ತಿಯ ಕೈ ಕಟ್ಟಿ ನಿಲ್ಲಿಸಿದ್ದರು. ಪಕ್ಕದಲ್ಲಿ ಅವಳ ಗಂಡ, ಮಕ್ಕಳು. ಚಿಕ್ಕದು ಕೈ ಕಟ್ಟಿದ್ದು ಯಾಕೆಂದು ತಿಳಿಯದೆ ಹಗ್ಗ ಕಚ್ಚುತ್ತಿತ್ತು. ಅದನ್ನು ನೋಡಲಾಗಲಿಲ್ಲ ನನಗೆ.

"ಭಾವ, ನಾನು ತಲೆಗೆ ಬಟ್ಟೆ ಕಟ್ಕೊಂಡೇ ಕಲಸಿದ್ದು. ಹಕ್ಕಿಗಳಿಗೆ ಹೇಳಿ," ಎಂದಳು ಮುವತ್ತಿ. ಹಕ್ಕಿಗಳು ನನ್ನ ಮಾತು ಕೇಳಿದ್ದರೆ ಇನ್ನೇನು ಬೇಕಿತ್ತು!

ಹೆಪಪಿಯ ಬಿಲ್ಲೆ ಹಾಕಿದಳು. ಒಂದು ಮಗ್ಗುಲಿಗೆ ಬಿದ್ದರೆ ಹೌದು, ಇನ್ನೊಂದಕ್ಕೆ ಬಿದ್ದರೆ ಅಲ್ಲ. ಕೋಪ ಮಳೆದೇವರದೇ? ಹೌದು. ರೊಟ್ಟಿಯ ವಿಷಯಕ್ಕೇ? ಹೌದು.

"ಮುಗೀತಲ್ಲ! ಕರ್ಕೊಂಡು ಹೋಗಿ," ಎಂದ ಪಲ್ಲಿಯ.

"ಎಲ್ಲಿ ಮುಗೀತು ಪೂಜಾರಪ್ಪ? ರೊಟ್ಟಿ ಅಂದಿದ್ದಾನೆ ದೇವರು, ಕೂದಲು ಅಂದಿದ್ದಾನಾ? ಏನೂ ಉಳಿದಿಲ್ಲ ಅಂತ ಅವನೇ ಹೇಳೋವರ್ಗೂ ಕೇಳ್ಬೇಕು. ನಿಮಗೆ ಊಟಕ್ಕೆ ಹೊತ್ತಾಯ್ತು ಅಂತ ದೇವರ ಬಾಯಿ ಮುಚ್ಚಿಸ್ತೀರಾ?" ಎಂದಳು ಹೆಪಪಿಯ.

ಪಲ್ಲಿಯನ ಮುಖ ಕೆಂಪಾಯಿತು. ಅವಳ ಮುಖದಲ್ಲಿ ಮಾತ್ರ ನನಗೆ ಚೆನ್ನಾಗಿ ಗೊತ್ತಿದ್ದ ಆ ಕಳೆ ಬಂದಿತ್ತು. ನೆರೆಮನೆಯ ಜಗಳ ಯಾಕೆ ಶುರುವಾಯಿತೆಂದು ತಿಳಿಯದೆ ನಿದ್ದೆ ಮಾಡದ ಹೆಂಗಸು ಅವಳು.

ಮುನಿಸು ರೊಟ್ಟಿ ಕಲಸಿದ ಕೈಯ ಮೇಲೋ? ಅಲ್ಲ. ಸುಟ್ಟ ಕೈಯ ಮೇಲೋ? ಅಲ್ಲ. ಮುವತ್ತಿ ಗೋಡೆಗೆ ಒರಗಿಕೊಂಡಳು. ಪಲ್ಲಿಯ ಬಿಡಲಿಲ್ಲ. "ಹಾಗಾದ್ರೆ ಬೇರೆ ಯಾರ ಮೇಲೆ? ಯಾರೂ ಸಿಗದಿದ್ರೆ ಬಿಲ್ಲೆ ಸುಳ್ಳು, ತಂಗಿ ಅಂತ ನೀನೇ ತಿರುಗಿಸಿದ್ದೀಯ!"

ಇನ್ನು ಉಳಿದದ್ದು ಒಂದೇ ಕೈ, ದೇವರ ಮುಂದೆ ರೊಟ್ಟಿ ಮುರಿಯುವ ಕೈ. ಹಬ್ಬದ ದಿನ ಅದನ್ನು ಮುರಿಯುವವನು ಯಾರೆಂದು ಈ ಊರಿನ ಕುರಿಗೂ ಗೊತ್ತು. ನಾನಾಗಿದ್ದರೆ ನಾಲಿಗೆ ಹೊರಳುತ್ತಿರಲಿಲ್ಲ. ಹೆಪಪಿಯ ತಗ್ಗಿದ ದನಿಯಲ್ಲಿ ಕೇಳಿಯೇಬಿಟ್ಟಳು. ಬಿಲ್ಲೆ ಬಿತ್ತು. ಹೌದು.

"ಏನು? ಏನು ಕೇಳಿದಳು?" ಎಂದ ದೊರೆ ಮುಂದಕ್ಕೆ ಬಾಗಿ.

ಹೆಪಪಿಯ ದನಿಯೇರಿಸಿ ಕೂಗಿದಳು. "ರೊಟ್ಟಿ ಮುರಿದ ಕೈ ಮೇಲೆ ಕೋಪ ಅಂತೆ ಒಡೆಯಾ!"

"ಗಟ್ಟಿಯಾಗಿ ಹೇಳು!"

"ನಿಮ್ಮ ಕೈ! ನಿಮ್ಮ ಕೈ ಮೇಲೆ ಕೋಪ!" ಅಂಗಳ ದಾಟಿ ಬೀದಿಗೆಲ್ಲ ಕೇಳಿತು. ಹೊರಗೆ ಕತ್ತೆಯೊಂದು ಉತ್ತರ ಕೊಟ್ಟಿತು.

ಪಲ್ಲಿಯ ನನ್ನ ಕಡೆ ತಿರುಗಿದ. "ಹಕ್ಕಿ ಏನನ್ನುತ್ತೆ?" ಎಲ್ಲರೂ ಆಕಾಶ ನೋಡಿದೆವು. ನದಿಯ ಆಚೆಯಿಂದ ಒಂದು ಹದ್ದು ಕೆಟ್ಟ ದಿಕ್ಕಿನಿಂದ ಬಂದು, ದಾರಿಗೆ ಅಡ್ಡ ಹಾಯ್ದು, ನೇರ ದೊರೆಯ ತಲೆಯ ಮೇಲೆ ತಿರುಗಿತು. "ನನ್ನ ಹೆಂಡತಿ ಹೇಳಿದ್ದೇ ಸರಿ," ಎಂದೆ. ಅವಳು ನನ್ನನ್ನೇ ಪಿಳಿಪಿಳಿ ನೋಡಿದಳು.

ದೊರೆ ತನ್ನ ಅಂಗೈ ನೋಡಿಕೊಂಡ. ಆಮೇಲೆ ಕಿವಿಯ ಉಣ್ಣೆ ತೆಗೆದ.

"ಹಬ್ಬದ ದಿನ ನೀರು ತುಂಬಾ ಕೊರೀತಿತ್ತು," ಎಂದ. "ಹಿಮ ಕರಗಿದ ನೀರು. ಕೈ ತೊಳೀಲಿಲ್ಲ. ಬೆರಳ ತುದಿ ಅದ್ದಿದೆ, ಒರೆಸ್ಕೊಂಡೆ. ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ."

ಹೆಪಪಿಯ ಕೊನೆಯ ಪ್ರಶ್ನೆ ಹಾಕಿದಳು. ಇನ್ನೇನಾದರೂ ಉಳಿದಿದೆಯೇ? ಬಿಲ್ಲೆ ಉರುಳಿ ನಿಲ್ಲುವವರೆಗೆ ನನ್ನ ಜೀವ ಕೈಯಲ್ಲಿತ್ತು. ಏನೂ ಇಲ್ಲ ಎಂದಿತು. ಹಗ್ಗ ಬಿಚ್ಚಿದರು. ಮುವತ್ತಿ ಮಕ್ಕಳನ್ನು ಅಪ್ಪಿಕೊಂಡು ಅತ್ತಳು. ನಾನೂ ಅತ್ತೆ, ನಾಚಿಕೆಯೇನಿಲ್ಲ.

ನಮ್ಮಲ್ಲಿ ದೊರೆಯನ್ನು ಕೊಲ್ಲುವಂತಿಲ್ಲ, ಆದರೆ ಅವನೂ ತಪ್ಪನ್ನು ಬಾಯಿಬಿಟ್ಟು ಹೇಳಬೇಕು, ದೇವರಿಗೆ ಎಡೆ ದುಪ್ಪಟ್ಟು ಕೊಡಬೇಕು. ಆವತ್ತೇ ಮುವತ್ತಿ ಹೊಸ ರೊಟ್ಟಿ ಸುಟ್ಟಳು. ಮುರಿಯುವ ಮೊದಲು ಪಲ್ಲಿಯ ನೀರಿನ ಹೂಜಿ ಹಿಡಿದು ಮುಂದೆ ಬಂದ. ದೊರೆ ತಲೆಯಾಡಿಸಿದ. "ನೀನು ಬೇಡ. ಅವಳು ಹಾಕಲಿ."

ಮುವತ್ತಿಯ ಮಣಿಕಟ್ಟಿನಲ್ಲಿ ಹಗ್ಗದ ಗುರುತು ಇನ್ನೂ ಕೆಂಪಗಿತ್ತು. ಅವಳು ಹೂಜಿ ಬಗ್ಗಿಸಿದಳು. ಬೆಟ್ಟದ ನೀರು, ಹಾಗೇ ಕೊರೆಯುತ್ತಿತ್ತು. ದೊರೆಯ ಬೆರಳು, ಅಂಗೈ, ಮಣಿಕಟ್ಟು ಎಲ್ಲ ಕೆಂಪೇರಿದವು. ಹಲ್ಲು ಕಟಕಟ ಎನ್ನತೊಡಗಿತು.

"ಸಾಕಮ್ಮ," ಎಂದ ನಮ್ಮ ಸೂರ್ಯ.

ಹೂಜಿ ಬರಿದಾಗುವವರೆಗೂ ಅವಳು ಸುರಿದಳು.